ನೀಲವ್ವನ ಸೀಳು ಜೋಡು

ಭೂಮಿ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಕಲ್ಲುಗಳಿಗೆ ಸವೆಯುವುದು ಹೇಗೆಂದೇ ಗೊತ್ತಿರಲಿಲ್ಲ. ಒಂದೊಂದು ಕಲ್ಲೂ ಈಗಷ್ಟೇ ಮಸೆದ ಕುಡುಗೋಲಿನ ಹಾಗೆ ಚೂಪಾಗಿತ್ತು. ಪ್ರಾಣಿಗಳಿಗೆ ಗೊರಸು ಎಂಬುದೇ ಇರಲಿಲ್ಲ. ಎಲ್ಲರದೂ ಬರಿಗಾಲು, ಮೆತ್ತನೆಯ ಬರಿಗಾಲು.

ಹುಲ್ಲು ಬೆಳೆಯುತ್ತಿದ್ದುದು ಗುಡ್ಡದ ಬುಡದಲ್ಲಿ. ನೀರು ಹರಿಯುತ್ತಿದ್ದುದು ದೂರದ ಹೊಳೆಯಲ್ಲಿ. ನಡುವೆ ಉದ್ದಕ್ಕೂ ಕಲ್ಲಿನ ಬಯಲು. ಹೀಗೆ ಜೋಡಿಸಿಟ್ಟವರು ಯಾರೋ ಏನೋ, ಒಂದು ದಿನವೂ ಅದರ ಮೇಲೆ ನಡೆದು ನೋಡಿರಲಿಕ್ಕಿಲ್ಲ!

ಆ ಹೊಳೆಯ ದಂಡೆಯ ನೀರಿನಲ್ಲಿ ಒಬ್ಬ ಏಡಿ ಇದ್ದ. ಎಲ್ಲರೂ ಅವನನ್ನು ಏಡಿ ಕಾಕಾ ಎನ್ನುತ್ತಿದ್ದರು. ಕಾಲಿಗೆ ಹಾಕುವ ಜೋಡು ಹೊಲಿಯುವವನು ಅವನೊಬ್ಬನೇ. ಹೊಲಿಯುವುದೇನು ಬಂತು, ಮೆತ್ತುತ್ತಿದ್ದ ಎನ್ನು. ಚಿಪ್ಪುಗಳನ್ನು ಕುಟ್ಟಿ ಪುಡಿ ಮಾಡಿ, ಕರಿಮಣ್ಣು ಬೆರೆಸಿ, ಜಾಲಿ ಮರದ ಅಂಟು ಹಾಕಿ ಕಲಸುತ್ತಿದ್ದ. ಅದನ್ನು ಕಾಲಿಗೆ ಮೆತ್ತಿ ಬಿಸಿಲಿಗೆ ಹಿಡಿದರೆ ಜೋಡು ತಯಾರು. ಒಮ್ಮೆ ಒಣಗಿತೆಂದರೆ ಮುಗಿಯಿತು, ಮತ್ತೆ ಬಿಚ್ಚುವ ಮಾತೇ ಇಲ್ಲ.

ಕಾಕಾನದು ಒಂದೇ ಹಟ. ಅವನು ನೀರು ಬಿಟ್ಟು ಹೊರಗೆ ಬರುವವನಲ್ಲ. ಅಳತೆ ಬೇಕೆಂದರೆ ಗಿರಾಕಿಯೇ ಬೆಳಗಿನ ತಣ್ಣೀರಿನಲ್ಲಿ ಇಳಿದು ನಿಲ್ಲಬೇಕು. ಕಾಕಾ ಮುಳುಗಿ, ಕಾಲಿನ ಸುತ್ತ ಅಡ್ಡಡ್ಡ ನಡೆದು, ಅಳತೆ ತೆಗೆದು ಮೇಲೆ ಬರುತ್ತಿದ್ದ. ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಒಂದು ದಿನ ಸೂರ್ಯ ಹುಟ್ಟುವ ಹೊತ್ತಿಗೆ ನೀಲವ್ವ ಎಂಬ ಎಮ್ಮೆ ಅಲ್ಲಿಗೆ ಬಂದಳು. ಕಲ್ಲು ಚುಚ್ಚಿ ಕಾಲೆಲ್ಲ ಗಾಯ. ಮುಖದಲ್ಲಿ ಮಾತ್ರ ಹೊಸ ಬಾಣಂತಿಯ ನಗು.

"ಕಾಕಾ, ಲಗೂನ ಮಾಡಿ ಕೊಡ್ರಿ. ಮನ್ಯಾಗ ಮೂರು ದಿನದ ಕೂಸು ಐತಿ. ಗುಡ್ಡದ ಕಡೆ ಹುಣಸಿ ಮರದ ಬುಡಕ ಮಲಗಿಸಿ ಬಂದೀನಿ. ನೊಣ ಓಡಸಾಕ ಗಾಳಿಗೆ ಹೇಳೀನಿ."

"ನಿಂದ್ರು ತಂಗಿ, ನೀರಿಗಿಳಿ," ಎಂದ ಕಾಕಾ.

ಅಳತೆ ಆಯಿತು. ಮೆತ್ತಿದ್ದಾಯಿತು. ಒಣಗಿದ್ದೂ ಆಯಿತು. ನಾಲ್ಕು ಕಾಲಿಗೂ ಕರಿ ಮಿಂಚಿನ ಹೊಸ ಜೋಡು! ನೀಲವ್ವ ಒಂದು ಹೆಜ್ಜೆ ಇಟ್ಟಳು. ಟಕ್. ಇನ್ನೊಂದು ಹೆಜ್ಜೆ ಇಟ್ಟಳು. ಟಕ್. ಕಲ್ಲು ಚುಚ್ಚಲೇ ಇಲ್ಲ. ಅವಳಿಗೆ ಕುಣಿಯಬೇಕು ಅನ್ನಿಸಿತು. ಎಮ್ಮೆ ಕುಣಿದರೆ ಹೊಳೆ ದಂಡೆ ಉಳಿಯುತ್ತದೆಯೇ? ಅದಕ್ಕೇ ಬಾಲ ಬೀಸಿ ಸುಮ್ಮನಾದಳು.

ಟಕ್ ಟಕ್, ಟಕ್ ಟಕ್, ಅವಳು ಬಯಲಿನ ಮೇಲೆ ಹೊರಟಳು.

ಸೂರ್ಯ ಏರಿದ. ಕಲ್ಲುಗಳು ಕಾದವು. ಜೋಡಿನೊಳಗೆ ಯಾಕೋ ಬಿಗಿ ಅನ್ನಿಸತೊಡಗಿತು. ಹೊಸದಲ್ಲವೇ, ಸರಿಹೋದೀತು ಎಂದುಕೊಂಡಳು. ಇನ್ನೂ ಸ್ವಲ್ಪ ನಡೆದಳು. ಬಿಗಿ ಹೋಗಿ ಉರಿ ಬಂತು. ಇನ್ನೂ ಸ್ವಲ್ಪ ನಡೆದಳು. ಉರಿ ಹೋಗಿ ನೋವು ಬಂತು. ಬಗ್ಗಿ ನೋಡಿದರೆ ಜೋಡಿನ ಅಂಚಿನಲ್ಲಿ ಹುಣಸೆ ಬೀಜದಷ್ಟು ದೊಡ್ಡ ಗುಳ್ಳೆ, ಒಳಗೆ ನೀರು ತುಂಬಿಕೊಂಡು ಕೂತಿದೆ. ಆ ಕಾಲಿಗೊಂದು, ಈ ಕಾಲಿಗೊಂದು. ನಾಲ್ಕು ಕಾಲಿಗೂ ನಾಲ್ಕು!

ಆಗ ಒಂದು ಕಾಗೆ ಬಂದು ಪಕ್ಕದ ಕಲ್ಲಿನ ಮೇಲೆ ಕೂತಿತು. ಕರೆಯದಿದ್ದರೂ ಬರುವುದು ಕಾಗೆಯ ಗುಣ.

"ಅಯ್ಯ, ಎಂಥಾ ಗುಳ್ಳಿ ಎದ್ದಾವ ಬೇ! ಚುಚ್ಚಲೇನು? ಪಟ್ ಅಂತ ಒಡದು ಬಿಡತೀನಿ."

ನೀಲವ್ವ ಹೂಂ ಎನ್ನುವವಳೇ ಇದ್ದಳು. ಅಷ್ಟರಲ್ಲಿ ಗಾಳಿ ಸುಂಯ್ ಎಂದು ಓಡಿಬಂತು.

"ಬ್ಯಾಡ, ಬ್ಯಾಡ! ಒಡದ್ರ ಒಳಗ ಧೂಳು ಹೋಗತೈತಿ. ಆಮ್ಯಾಲೆ ವಾರಗಟ್ಟಲೆ ಏಳೂದಿಲ್ಲ ನೀನು. ಮೇಲಿನ ಚರ್ಮ ಹಂಗ ಇರಲಿ."

"ನೀ ಯಾಕ ಬಂದಿ? ಕೂಸಿನ ಹತ್ರ ಯಾರದಾರ?"

ಗಾಳಿ ಅವಳ ಕಿವಿಯ ಹತ್ತಿರ ಬಂತು. "ಅದನ್ನ ಹೇಳಾಕ ಬಂದೆ ನೀಲವ್ವಾ. ಕೂಸು ಎದ್ದೈತಿ. ಹಸಗೊಂಡೈತಿ. ಅಳಾಕ ಹತ್ತೈತಿ."

ಗಾಳಿಯ ಸೆರಗಿನಲ್ಲಿ ಸಿಕ್ಕಿಕೊಂಡು ಬಂದ ಆ ದನಿ ನೀಲವ್ವನಿಗೂ ಕೇಳಿಸಿತು. ಸಣ್ಣ ದನಿ. "ಆಂ... ಆಂ..."

ಮೂರು ದಿನದ ಕರು. ಹೊತ್ತು ಮುಳುಗುವುದರೊಳಗೆ ಹಾಲು ಸಿಗದಿದ್ದರೆ ಅದರ ಎಳೆಯ ಕಾಲಿನಲ್ಲಿ ಶಕ್ತಿ ಉಳಿಯುವುದಿಲ್ಲ. ಮತ್ತೆ ಅದು ಏಳುವುದೇ ಕಷ್ಟ. ಇದು ಗಾಳಿಗೂ ಗೊತ್ತು, ಕಾಗೆಗೂ ಗೊತ್ತು. ತಾಯಿಗೆ ಗೊತ್ತಿಲ್ಲವೇ?

ನೀಲವ್ವ ಮುಂದೆ ಒಂದು ಹೆಜ್ಜೆ ಇಟ್ಟಳು. ಕಣ್ಣಿಗೆ ಕತ್ತಲೆ ಬಂತು. ಮುಂದೆ ಮುಕ್ಕಾಲು ದಾರಿ ಬಾಕಿ. ಹಿಂದೆ ಹೊಳೆಗೆ ಕಾಲು ದಾರಿ. ಈ ಕಾಲಿನಲ್ಲಿ ಮುಕ್ಕಾಲು ದಾರಿ ನಡೆಯುವುದು ಆಗದ ಮಾತು. ಅವಳು ಅಳುತ್ತಲೇ ಹಿಂದಕ್ಕೆ ತಿರುಗಿದಳು. ಕರು ಆ ಕಡೆ ಕೂಗುತ್ತಿದ್ದರೆ ತಾನು ಈ ಕಡೆ ನಡೆಯುವುದಿದೆಯಲ್ಲ, ಅದರಷ್ಟು ದೊಡ್ಡ ನೋವು ಆ ನಾಲ್ಕು ಗುಳ್ಳೆಗಳಲ್ಲೂ ಇರಲಿಲ್ಲ.

ಹೊಳೆಗೆ ಬಂದವಳೇ ನೀರಿಗೆ ಇಳಿದಳು. "ಕಾಕಾ! ಎಂಥಾ ಜೋಡು ಮಾಡೀರಿ? ನಾಕೂ ಕಾಲು ಕಚ್ಯಾವ!"

ಏಡಿ ಕಾಕಾ ಕಣ್ಣುಗಳನ್ನು ಮೇಲಕ್ಕೆ ಎತ್ತಿ ಬಂದ. ಮುಳುಗಿ ಜೋಡನ್ನು ಸುತ್ತ ಮುಟ್ಟಿ ನೋಡಿದ. ಎದ್ದು ಹೇಳಿದ, "ಬಿಗಿ ಎಲ್ಲೈತಿ? ಸರೀ ಕುಂತೈತಲ್ಲ. ನನ್ನ ಅಳತಿ ಎಂದೂ ತಪ್ಪಿಲ್ಲ ತಂಗಿ. ನಿನ್ನ ನಡಿಗೀನ ಸರಿ ಇಲ್ಲ."

ನೋಡಿದರೆ ಹೌದು! ತಣ್ಣೀರಿನಲ್ಲಿ ನಿಂತ ಮೇಲೆ ಬಿಗಿಯೆಲ್ಲ ಸಡಿಲವಾಗಿ ಕಾಲು ಹಾಯಾಗಿತ್ತು. ನೀಲವ್ವನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆಮೇಲೆ ಸಿಟ್ಟು ಬಂತು. ಎಮ್ಮೆಯ ಸಿಟ್ಟು ನಿಧಾನ, ಆದರೆ ಬಂದರೆ ಪೂರ್ತಿ ಬರುತ್ತದೆ. ತಲೆಯನ್ನು ನೀರಿಗೆ ಬಗ್ಗಿಸಿದಳು.

"ಹತ್ರಿ ಕಾಕಾ."

"ಎಲ್ಲಿಗೆ?"

"ನನ್ನ ತಲೀ ಮ್ಯಾಲೆ. ಒಂದು ಸಲ ನನ್ನ ಜೋಡಿ ಬಿಸಲಾಗ ನಡದು ನೋಡ್ರಿ. ಆಮ್ಯಾಲೆ ಅಳತಿ ಮಾತಾಡೋಣಂತ."

ಕಾಕಾನಿಗೆ ಇಷ್ಟವಿರಲಿಲ್ಲ. ಆದರೆ ಆ ಮುಖ ನೋಡಿದ ಮೇಲೆ ಇಲ್ಲ ಎನ್ನುವ ಧೈರ್ಯವೂ ಬರಲಿಲ್ಲ. ಒಂದು ಕೊಂಬನ್ನು ತಬ್ಬಿಕೊಂಡು ಕೂತ. ಹುಟ್ಟಿದಾಗಿನಿಂದ ಮೊದಲ ಸಲ ಅವನು ಹೊಳೆ ಬಿಟ್ಟು ಹೊರಟಿದ್ದು.

ಟಕ್ ಟಕ್, ಟಕ್ ಟಕ್.

ಬಿಸಿಲು ಅವನ ಬೆನ್ನು ಸುಟ್ಟಿತು. ಬಗ್ಗಿ ನೋಡಿದ. ಅವನ ಕಣ್ಣೆದುರೇ ನೀಲವ್ವನ ಕಾಲು ಉಬ್ಬುತ್ತಿತ್ತು. ನೂರು ಹೆಜ್ಜೆಗೆ ಸ್ವಲ್ಪ, ಇನ್ನೂರು ಹೆಜ್ಜೆಗೆ ಇನ್ನೂ ಸ್ವಲ್ಪ. ಜೋಡಿನ ಅಂಚು ಗುಳ್ಳೆಗೆ ತಿಕ್ಕುತ್ತಿತ್ತು. ನೀಲವ್ವ ಹಲ್ಲು ಕಚ್ಚಿ ನಡೆಯುತ್ತಿದ್ದಳು. ಗಾಳಿಯ ಜೊತೆ ಮತ್ತೆ ಆ ದನಿ ಬಂತು. ಈ ಸಲ ಇನ್ನೂ ಸಣ್ಣ ದನಿ.

"ನಿಂದ್ರು," ಎಂದ ಕಾಕಾ. "ತಪ್ಪು ನಂದು ತಂಗಿ. ನೀರಿನ್ಯಾಗಿನ ಕಾಲಿಗೆ ಜೋಡು ಮಾಡಿದೆ. ನಡಿಯೂ ಕಾಲಿಗೆ ಮಾಡಲಿಲ್ಲ."

"ಈಗ ಏನು ಮಾಡೂದು?"

"ಮುಂದಿನಿಂದ ನಡುವ ಸೀಳಬೇಕು. ಆದ್ರ ನೋಡು, ಅಂದ ಹೋಗತೈತಿ. ಎಲ್ಲಾರೂ ನಗತಾರ."

"ನಗಲಿ. ಸೀಳ್ರಿ!"

ಕಾಕಾ ಕೆಳಗಿಳಿದ. ಕತ್ತರಿಯಂಥ ತನ್ನ ಕೊಂಡಿಯನ್ನು ಜೋಡಿನ ಮುಂದೆ ಇಟ್ಟ. ಸ್ವಲ್ಪ ಜಾರಿದರೂ ಒಳಗಿನ ಮೆತ್ತನೆಯ ಕಾಲು ಕತ್ತರಿಸಿಹೋಗುತ್ತಿತ್ತು. ಅವನು ಉಸಿರು ಹಿಡಿದ. ನೀಲವ್ವ ಕಣ್ಣು ಮುಚ್ಚಿದಳು. ಯಾವಾಗಲೂ ಗದ್ದಲ ಮಾಡುವ ಗಾಳಿಯೂ ಆಗ ನಿಂತುಬಿಟ್ಟಿತು.

ಕಟಕ್!

ಜೋಡು ಎರಡು ಹೋಳಾಯಿತು. ಹೋಳುಗಳು ಅಗಲವಾದವು, ಒಳಗಿನ ಬೆರಳುಗಳು ಅಬ್ಬಾ ಎಂದು ಬಿಡಿಸಿಕೊಂಡವು. ಕಟಕ್, ಕಟಕ್, ಕಟಕ್! ಕಾಕಾ ಕಲ್ಲಿನ ಸಂದಿಯಲ್ಲಿದ್ದ ಲೋಳೆಸರದ ಒಂದು ಎಲೆ ಕತ್ತರಿಸಿ ಅದರ ತಣ್ಣನೆಯ ಲೋಳೆಯನ್ನು ನಾಲ್ಕೂ ಗುಳ್ಳೆಗಳಿಗೆ ಸವರಿದ.

"ಹೋಗು ತಂಗಿ, ಓಡು!" ಎಂದವನು ಮತ್ತೆ ತಾನೇ ಅವಳ ತಲೆಯೇರಿದ. ಅವನಿಗೂ ಆ ಕರುವನ್ನು ನೋಡದೆ ಹೋಗುವ ಮನಸ್ಸಿರಲಿಲ್ಲ.

ನೀಲವ್ವ ಓಡಿದಳು. ಎಮ್ಮೆ ಹಾಗೆ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಕಾಲು ಊರಿದಾಗ ಜೋಡು ಅಗಲವಾಗುತ್ತಿತ್ತು, ಎತ್ತಿದಾಗ ಕೂಡಿಕೊಳ್ಳುತ್ತಿತ್ತು. ಕಾಕಾ ಕೊಂಬಿಗೆ ಜೋತುಬಿದ್ದು, "ನಿಧಾನ! ನಿಧಾನ!" ಎಂದು ಕಿರುಚುತ್ತಿದ್ದ. ಕೇಳುವವರು ಯಾರು?

ಸೂರ್ಯ ಗುಡ್ಡದ ಅಂಚಿಗೆ ಮುಟ್ಟಿದ್ದ. ಹುಣಸೆ ಮರದ ಕೆಳಗೆ ಕರು ಕೂಗುವುದನ್ನೂ ಬಿಟ್ಟು ತಲೆ ನೆಲಕ್ಕಿಟ್ಟಿತ್ತು. ನೀಲವ್ವ ಅದರ ಮುಖ ನೆಕ್ಕಿದಳು. ಮೂತಿಯಿಂದ ದೂಡಿದಳು. ಕರು ಮುಂಗಾಲು ಊರಿತು, ಬಿತ್ತು. ಮತ್ತೆ ಊರಿತು. ನಡುಗುತ್ತ ಎದ್ದು ನಿಂತು, ಕೆಚ್ಚಲಿಗೆ ಬಾಯಿ ಹಾಕಿತು. ಚಪ್ ಚಪ್, ಚಪ್ ಚಪ್. ನೀಲವ್ವನಿಗೆ ಆದ ಸಂತೋಷ ಹೇಳತೀರದು. ಕೊಂಬಿನ ಮೇಲಿದ್ದ ಕಾಕಾ ಮಾತ್ರ ತನ್ನ ಕಣ್ಣಿಗೆ ಧೂಳು ಬಿತ್ತೆಂದು ಗಾಳಿಯನ್ನು ಬೈದ.

ಮರುದಿನ ಹೊಳೆಯ ದಂಡೆಯಲ್ಲಿ ದೊಡ್ಡ ಗುಂಪು. ಆಕಳು, ಆಡು, ಕುರಿ, ಜಿಂಕೆ, ಎಲ್ಲರೂ ಕಾಕಾನ ಜೋಡು ತೊಟ್ಟು ಕುಂಟುವವರೇ. ಇಷ್ಟು ದಿನ ತಮ್ಮ ಕಾಲೇ ಸರಿ ಇಲ್ಲವೆಂದು ಎಲ್ಲರೂ ನಾಚಿಕೊಂಡು ಸುಮ್ಮನಿದ್ದರಂತೆ! ಕಾಕಾ ಒಬ್ಬೊಬ್ಬರನ್ನೇ ಕರೆದು ಜೋಡು ಸೀಳಿದ. ಕುದುರೆ ಮಾತ್ರ ಮೂಗು ಮುರಿಯಿತು. "ನಾಕು ಮಂದಿ ಮುಂದ ಸೀಳಿದ್ದು ಹಾಕ್ಕೊಂಡು ಓಡಲೇನು ನಾನು? ನನಗ ಬ್ಯಾಡ." ಕುದುರೆಗೆ ಬೇಡವಾದದ್ದು ತನಗೂ ಬೇಡ ಎಂದಿತು ಕತ್ತೆ. ಆ ಜೋಡುಗಳೇ ಮುಂದೆ ಎಲ್ಲರಿಗೂ ಗೊರಸಾದವು, ಅದಕ್ಕೇ ಅವರಿಬ್ಬರ ಗೊರಸು ಇಂದಿಗೂ ಇಡಿಯಾಗಿದೆ.

ನಾಳೆ ಕೆರೆಯ ಕಡೆ ಹೋದರೆ ಕೆಸರಿನಲ್ಲಿ ಎಮ್ಮೆಯ ಹೆಜ್ಜೆ ಹುಡುಕಿ ನೋಡು, ಮಗೂ: ಒಂದೇ ಹೆಜ್ಜೆ, ಎರಡು ಹೋಳು, ನಡುವೆ ಒಂದು ಗೆರೆ, ಆ ಗೆರೆ ಅಗಲವಾಗಿ ಕಂಡರೆ ಒಬ್ಬ ತಾಯಿ ಕರುವಿನ ಹತ್ತಿರ ಓಡಿಹೋಗಿದ್ದಾಳೆ ಎಂದು ತಿಳಿದುಕೋ.