ಅರಸರು ಕಲಿತ ಒಂದೇ ಪದ

ಕೆಂಚನದುರ್ಗದ ಅರಸರಾದ ಸೋಮಪ್ಪ ನಾಯಕರಿಗೆ ಇಂಗ್ಲಿಷ್ ಕಲಿಸಲು ಮೇಷ್ಟ್ರೊಬ್ಬರು ಬಂದಿದ್ದರು. ಚಳಿಗಾಲ ಪೂರ್ತಿ ಕಲಿಸಿದರೂ ಅರಸರ ತಲೆಯಲ್ಲಿ ನಿಂತದ್ದು ಒಂದೇ ಪದ. ಮೇಷ್ಟ್ರು ಬೆವರೊರೆಸಿಕೊಂಡರು, ಅರಸರು ಮೀಸೆ ತಿರುವಿದರು.

“ಓಬಳಯ್ಯ, ರಾಜ್ಯ ಆಳೋದಕ್ಕೆ ಈ ಒಂದು ಪದ ಸಾಕು ಕಣಯ್ಯ!”

ಓಬಳಯ್ಯ ಅರಮನೆಯ ವಿದೂಷಕ. “ಯಾವ ಪದ ಪ್ರಭು?” ಎಂದ.

“ಸಾರಿ! ಕಾಲು ತುಳಿದರೆ ಸಾರಿ. ತಡವಾಗಿ ಬಂದರೆ ಸಾರಿ. ಹೇಳಿದ್ದು ಕೇಳಿಸದಿದ್ದರೂ ಸಾರಿ. ಯಾರಾದರೂ ಸತ್ತರೂ ಸಾರಿಯಂತೆ! ಇಷ್ಟೊಂದು ದುಡಿಯುವ ಪದ ನಮ್ಮಲ್ಲಿ ಇದೆಯೇನಯ್ಯ?”

ಮೊದಲೆಲ್ಲ ಯಾರಿಗಾದರೂ ಕಾಲು ತಾಗಿದರೆ ಅರಸರು ಎಲ್ಲರಂತೆ ಬಗ್ಗಿ, ಅವರನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹೊಟ್ಟೆ ಬೆಳೆದಂತೆಲ್ಲ ಬಗ್ಗುವುದು ಕಷ್ಟವಾಗಿತ್ತು. ಈಗ ನೆಟ್ಟಗೆ ನಿಂತೇ ಸಾರಿ. ರಾಣಿಯ ತವರಿನವರನ್ನು ಬಾಗಿಲಲ್ಲೇ ಕಾಯಿಸಿದರೂ ಸಾರಿ. ಮಂಗಳಾರತಿಯ ನಡುವೆ ಸೀನಿದರೆ ದೇವರಿಗೂ ಸಾರಿ.

ಏಕಾದಶಿಯ ಬೆಳಿಗ್ಗೆ ಅರಸರು ಹೊಸ ಕುದುರೆಯ ಓಟ ನೋಡಲು ಹೊರಟವರು ನೇರ ಕುಂಬಾರಗೇರಿಗೇ ನುಗ್ಗಿದರು. ಬೇಸಿಗೆಯ ಸಂತೆಗೆಂದು ಅಲ್ಲಿನ ಮಾಳವ್ವ ಎಂಬಾಕೆ ಮಾಡಿ ಒಣಗಲು ಇಟ್ಟಿದ್ದ ಮಡಕೆಗಳೆಲ್ಲ ಗೊರಸಿನಡಿ ಪುಡಿಯಾದವು. ಆ ಮಡಕೆಗಳು ಹೋದರೆ ಅವಳ ಮನೆಯಲ್ಲಿ ವರ್ಷದ ರಾಗಿಯೂ ಹೋದ ಹಾಗೆ. ಅರಸರು ಕುದುರೆಯ ಮೇಲಿಂದಲೇ “ಸಾರಿ!” ಎಂದು ಕೂಗಿ ಮುಂದೆ ಹೋದರು.

ಮಾಳವ್ವ ಓಬಳಯ್ಯನ ಮನೆಗೆ ಬಂದಳು. “ಬುದ್ಧೀರು ಅದೇನೋ ಸಾರಿ ಅಂತ ಕೊಟ್ಟು ಹೋದ್ರು ಸ್ವಾಮಿ. ಅದನ್ನ ಎಲ್ಲಿ ತೋರಿಸಿದ್ರೆ ರಾಗಿ ಅಳೆದು ಕೊಡ್ತಾರೆ?”

ಓಬಳಯ್ಯನಿಗೆ ನಗು ಬಂತು. ಅವಳ ಕೈಗೆ ಅಂಟಿದ್ದ ಹಸಿ ಮಣ್ಣು ಕಂಡು ಆ ನಗು ಅಲ್ಲೇ ಸತ್ತುಹೋಯಿತು.

“ನಾಳೆ ಬೆಳಿಗ್ಗೆ ಹೇಳ್ತೀನಿ ತಾಯಿ,” ಎಂದವನೇ ಅರಮನೆಯ ಅಡುಗೆ ಭಟ್ಟರನ್ನು ಹುಡುಕಿಕೊಂಡು ಹೋದ.

ಏಕಾದಶಿಯೆಂದರೆ ಅರಸರಿಗೆ ಕಟ್ಟುನಿಟ್ಟಿನ ಉಪವಾಸ, ಹನಿ ನೀರೂ ಇಲ್ಲ. ಹಗಲೆಲ್ಲ ದೇವರ ಧ್ಯಾನ ಎನ್ನುತ್ತಿದ್ದರೂ ಅವರು ಧ್ಯಾನಿಸುತ್ತಿದ್ದದ್ದು ದ್ವಾದಶಿಯ ಹೋಳಿಗೆಯನ್ನು. ಮರುದಿನ ಸೂರ್ಯ ಹುಟ್ಟುವ ಮೊದಲೇ ಸ್ನಾನ ಮುಗಿಸಿ ಎಲೆಯ ಮುಂದೆ ಕುಳಿತರು. ಎಲೆ ಖಾಲಿ. ಎದುರಿಗೆ ಓಬಳಯ್ಯ ಕೈಕಟ್ಟಿ ನಿಂತಿದ್ದ.

“ಹೋಳಿಗೆ ಎಲ್ಲಯ್ಯ?”

“ಸಾರಿ ಪ್ರಭು.”

“ಅದಿರಲಿ, ಅನ್ನವಾದರೂ ಬಡಿಸು.”

“ಅದಕ್ಕೂ ಸಾರಿ ಪ್ರಭು.”

ಅರಸರು ಕೆಂಡವಾದರು. “ಏನಯ್ಯ, ನಿನ್ನ ಸಾರಿಯಿಂದ ನನ್ನ ಹೊಟ್ಟೆ ತುಂಬುತ್ತದೆಯೇ?”

“ನನಗೆ ಗೊತ್ತಿಲ್ಲ ಪ್ರಭು. ನಿನ್ನೆಯಿಂದ ಕುಂಬಾರಗೇರಿಯ ಮಾಳವ್ವ ತಾವು ಕೊಟ್ಟದ್ದನ್ನೇ ಉಣ್ಣುತ್ತಿದ್ದಾಳೆ. ಅವಳನ್ನು ಕೇಳಬೇಕು. ತಮ್ಮ ಹೋಳಿಗೆ ಬುಟ್ಟಿಯನ್ನೂ ಅಲ್ಲಿಗೇ ಕಳಿಸಿದ್ದೇನೆ.”

ಅರಸರು ಖಾಲಿ ಎಲೆಯನ್ನೊಮ್ಮೆ ನೋಡಿದರು. ಮುಖ ಸಪ್ಪಗಾಯಿತು. ಆಮೇಲೆ ಎದ್ದು, ಕುದುರೆಯನ್ನೂ ಕೇಳದೆ, ನಡೆದೇ ಕುಂಬಾರಗೇರಿಗೆ ಹೊರಟರು. ಓಬಳಯ್ಯನೂ ಹಿಂದೆಯೇ ನಡೆದ.

ಮಾಳವ್ವ ಗಾಬರಿಯಾಗಿ ಎದ್ದು ನಿಂತಳು. ಅವಳ ಮಕ್ಕಳ ಬಾಯಿಯ ತುಂಬ ಹೋಳಿಗೆಯಿತ್ತು. ಅರಸರು ಏದುಸಿರು ಬಿಡುತ್ತ ಬಗ್ಗಿ, ಒಡೆದ ಮಡಕೆಯೊಂದನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು.

“ತಪ್ಪಾಯಿತು ತಾಯಿ. ಈ ವರ್ಷದ ರಾಗಿ ಅರಮನೆಯ ಕಣಜದಿಂದ ಬರುತ್ತದೆ. ಮಡಕೆಗೆ ಮಣ್ಣನ್ನೂ ನಮ್ಮ ಗಾಡಿಗಳೇ ತಂದು ಹಾಕುತ್ತವೆ.”

ಮಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅರಸರು ಬುಟ್ಟಿಯೊಳಗೆ ಇಣುಕಿದರು. ತಳದಲ್ಲಿ ಬಾಳೆಎಲೆಯ ಚೂರು ಬಿಟ್ಟರೆ ಏನೂ ಇರಲಿಲ್ಲ.

“ಓಬಳಯ್ಯ! ಅರಸನನ್ನೇ ಉಪವಾಸ ಕೆಡವಿದೆಯಲ್ಲ, ಇದಕ್ಕೆ ಏನು ಹೇಳುತ್ತೀ?”

“ಸಾರಿ ಪ್ರಭು.”

“ಬರೀ ಸಾರಿ ಸಾಲದು ಕಣಯ್ಯ!”

“ಗೊತ್ತು ಪ್ರಭು,” ಎಂದು ಓಬಳಯ್ಯ ಹೆಗಲ ವಲ್ಲಿಯ ಗಂಟು ಬಿಚ್ಚಿದ. “ಅದಕ್ಕೇ ಜೊತೆಗೆ ನಾಲ್ಕು ಹೋಳಿಗೆ ಇಟ್ಟುಕೊಂಡು ಬಂದಿದ್ದೇನೆ.”