ಕಾಲುಚೀಲ ಬಿಚ್ಚದ ಸೈನಿಕ

“ಗುರುಗಳೇ, ಹಿರಿಯ ಸ್ವಾಮಿಗಳು ಹೇಳುತ್ತಿದ್ದ ಪಾಠವನ್ನು ಇನ್ನೊಬ್ಬರ ಬಾಯಿಂದ ಕೇಳಲು ನನಗೆ ಮನಸ್ಸು ಬರುತ್ತಿಲ್ಲ. ಇದು ಭಕ್ತಿಯಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ. ಹಿರಿಯ ಸ್ವಾಮಿಗಳು ತೀರಿಕೊಂಡ ದಿನದಿಂದ ಅವನು ಓದಿಗೆ ಕೂತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಹಿಮದ ಬೆಟ್ಟಗಳಲ್ಲಿ ಯುದ್ಧ ನಡೆಯುತ್ತಿತ್ತು. ಒದ್ದೆಯಾದ ಕಾಲುಚೀಲವನ್ನು ಬಿಚ್ಚದೆ ಬಿಟ್ಟರೆ ಅಲ್ಲಿ ಕಾಲೇ ಕೊಳೆಯುತ್ತಿತ್ತು. ಆದ್ದರಿಂದ ಒಂದು ತುಕಡಿಯ ಅಧಿಕಾರಿ ದಿನವೂ ಸಂಜೆ ಪ್ರತಿಯೊಬ್ಬನ ಬೂಟು ಬಿಚ್ಚಿಸಿ ಪಾದಗಳನ್ನು ತಾನೇ ನೋಡುತ್ತಿದ್ದ. ತಣ್ಣಗಾದ ಬೆರಳುಗಳನ್ನು ಅಂಗೈಗಳ ನಡುವೆ ಹಿಡಿದು, ಬಿಸಿ ಬರುವವರೆಗೂ ಕೂತಿರುತ್ತಿದ್ದ.

ಸೈನಿಕನೊಬ್ಬ ಮೊದಲ ಸಲ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ದೊಡ್ಡವರು ತನ್ನ ಕಾಲು ಮುಟ್ಟುವುದು ಅವನಿಗೆ ಪಾಪವೆನಿಸಿತು.

“ಇಲ್ಲಿ ದೊಡ್ಡದು ಅಂತ ಇರುವುದು ಆ ಬೆಟ್ಟ ಒಂದೇ. ಕಾಲು ಕೊಡು ಮಾರಾಯ, ಊಟ ಆರಿಹೋಗುತ್ತಿದೆ,” ಎಂದ ಅಧಿಕಾರಿ.

ಸೈನಿಕ ಕಾಲು ಕೊಟ್ಟ. ಆಮೇಲೆ ಸಂಜೆಗಾಗಿ ಕಾಯತೊಡಗಿದ. ಎಲ್ಲರಿಗಿಂತ ಮೊದಲು ಬೂಟು ಬಿಚ್ಚಿ ಕೂರುತ್ತಿದ್ದ ಅವನನ್ನು ಜೊತೆಯವರು, ಕಾಲು ತೊಳೆಸಿಕೊಳ್ಳುವ ಮದುಮಗ ಎಂದು ಛೇಡಿಸುತ್ತಿದ್ದರು.

ಶಿಖರದ ಮೇಲೆ ದಾಳಿ ಮಾಡಬೇಕಾದ ದಿನ ಬೆಳಿಗ್ಗೆ ಅವನ ಕಾಲುಚೀಲ ಹರಿದಿತ್ತು. ಅಧಿಕಾರಿ ತನಗೆಂದು ಇಟ್ಟುಕೊಂಡಿದ್ದ ಒಣ ಜೊತೆಯನ್ನು ತೆಗೆದು, ಮಗುವಿಗೆ ತೊಡಿಸುವಂತೆ ಅವನಿಗೆ ತೊಡಿಸಿದ. ಮಧ್ಯಾಹ್ನ ಅಧಿಕಾರಿಗೆ ಗುಂಡು ತಗುಲಿತು. ಶಿಖರ ಕೈವಶವಾಯಿತು. ಅಧಿಕಾರಿ ಉಳಿಯಲಿಲ್ಲ.

ಸಂಜೆ ಹವಾಲ್ದಾರ ಎಲ್ಲರ ಕಾಲು ನೋಡಲು ಬಂದ. ಸೈನಿಕ, ನಾನೇ ನೋಡಿಕೊಂಡೆ ಎಂದು ಸುಳ್ಳು ಹೇಳಿದ. ಕಾಲುಚೀಲ ಹಿಮದಲ್ಲಿ ನೆನೆದಿದ್ದರೂ, ಅಧಿಕಾರಿಯ ಕೈಗಳು ತೊಡಿಸಿದ್ದನ್ನು ಬಿಚ್ಚಲು, ಅವು ಹಿಡಿದಿದ್ದ ಪಾದವನ್ನು ಇನ್ನೊಬ್ಬರ ಕೈಗೆ ಕೊಡಲು ಅವನಿಂದಾಗಲಿಲ್ಲ. ಮರುದಿನವೂ ಹಾಗೆಯೇ ಮಾಡಿದ, ಅದರ ಮರುದಿನವೂ. ತುಕಡಿ ಕೆಳಗಿಳಿಯುವ ಹೊತ್ತಿಗೆ ಒಂದು ಕಾಲಿನ ಬೆರಳುಗಳು ಕಪ್ಪಾಗಿದ್ದವು. ವೈದ್ಯರು ಅವನ್ನು ಕತ್ತರಿಸಿ ತೆಗೆದರು.

ಊರಿಗೆ ಮರಳಿದ ಮೇಲೆ ಅವನು ಆ ಕಾಲನ್ನು, ಯಾರೂ ಕೇಳದಿದ್ದರೂ, ಹೆಮ್ಮೆಯಿಂದ ತೋರಿಸುತ್ತಿದ್ದ. ಚಳಿಗಾಲ ಬಂದರೆ ಇಲ್ಲದ ಬೆರಳುಗಳಿಗೆ ಆ ಅಂಗೈಗಳ ಬಿಸಿ ತಾಗುತ್ತಿತ್ತು. ಆಗ ಆಡುತ್ತಿದ್ದ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದ.

ಕೊನೆಗೆ ಅಧಿಕಾರಿಯ ತಾಯಿಯನ್ನು ಹುಡುಕಿಕೊಂಡು ಹೋದ. ನಿಮ್ಮ ಮಗನನ್ನು ಇಷ್ಟು ಪ್ರೀತಿಸಿದವನೊಬ್ಬ ಇದ್ದಾನೆ ಎಂದು ಆಕೆಗೆ ತಿಳಿಸಬೇಕೆಂಬುದೊಂದೇ ಅವನ ಆಸೆ. ಆಕೆ ಅದನ್ನು ಒಪ್ಪಿಕೊಂಡರೆ ಸಾಕು, ಕಳೆದುಕೊಂಡದ್ದೆಲ್ಲ ಸಾರ್ಥಕ ಎಂದುಕೊಂಡಿದ್ದ. ನಡೆದದ್ದನ್ನೆಲ್ಲ ಹೇಳಿ ತನ್ನ ಪಾದದ ಕಡೆ ಕೈ ತೋರಿಸಿದ. ಆಕೆ ಬಹಳ ಹೊತ್ತು ಅದನ್ನೇ ನೋಡಿದಳು.

“ನನ್ನ ಮಗ ದಿನವೂ ಕೂತು ಕಾಪಾಡಿದ್ದು ಇದನ್ನೇ ಅಲ್ಲವೇನಪ್ಪ? ಇದನ್ನೇ ಕಳೆದುಬಿಟ್ಟೆಯಾ?” ಎಂದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ, ಹಾಗಾದರೆ ಆ ಸೈನಿಕನ ಪ್ರೀತಿ ಸುಳ್ಳೇ ಎಂದು ಕೇಳಿದ.

ಗುರುಗಳು ಹೇಳಿದರು: “ಪ್ರೀತಿ ನಿಜ, ಮಗು, ಬೆರಳು ಹೋದದ್ದೂ ನಿಜ.”