ಬೀಗರ ಮನೆ ಅಜ್ಜ ತಲೆದೂಗಿದ್ದು

ಒಂದಾನೊಂದು ಕಾಲ, ಯಾವ ಕಾಲ ಅಂತ ನನ್ನ ಕೇಳಬೇಡ, ನಮ್ಮಜ್ಜಿನೂ ನಂಗೆ ಹೇಳ್ಲಿಲ್ಲ, ಆ ಕಾಲದಲ್ಲಿ ಹೊಂಗೆಕೊಪ್ಪಲು ಅಂತ ಒಂದೂರಿತ್ತಂತೆ. ಆ ಊರಲ್ಲಿ ವಾದ್ಯ ಮಾಡೋ ಬಡಗಿ ಒಬ್ಬ ಇದ್ದನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು, ಒಬ್ಬಳೇ ಮಗಳು. ಬಡಗಿ ಸಾಯೋ ಹೊತ್ತಿಗೆ ಮನೇಲಿ ಮೂರು ವಾದ್ಯ ಉಳಿದಿದ್ವಂತೆ, ಒಂದು ಓಲಗ, ಒಂದು ತಂಬೂರಿ, ಒಂದು ಡೊಳ್ಳು. ಹಿರಿಯವನು ಗವಿಯಪ್ಪ ಓಲಗ ಎತ್ಕೊಂಡ, ನಡುವಿನವನು ಮಂಟಯ್ಯ ತಂಬೂರಿ ಎತ್ಕೊಂಡ, ಕಿರಿಯವನು ಕಾಳಿಂಗ ಡೊಳ್ಳು ಎತ್ಕೊಂಡ. ತಂಗಿ ದೇವೀರಿಗೆ ಏನೂ ಉಳೀಲಿಲ್ಲ, ಅವಳು ಮೂರು ಜನಕ್ಕೂ ಮುದ್ದೆ ತಿರುವಿಕೊಂಡು ಇದ್ದಳಂತೆ.

ಆಮೇಲೆ ಏನಾಯ್ತು ಅಂದ್ರೆ, ಮೂವರಿಗೂ ವಿದ್ಯೆ ಚೆನ್ನಾಗಿ ಒಲೀತು, ಆದ್ರೆ ಒಬ್ಬರದ್ದು ಒಬ್ಬರಿಗೆ ಆಗ್ತಿರಲಿಲ್ಲ. ಗವಿಯಪ್ಪ ಅನ್ನೋನು, ದೇವರು ಏಳೋದೇ ಓಲಗಕ್ಕೆ, ನಿನ್ನ ತಂಬೂರಿ ನೊಣ ಗುಂಯ್ ಅಂದಂಗಿದೆ. ಮಂಟಯ್ಯ ಅನ್ನೋನು, ಹಾಡು ಅಂದಮೇಲೆ ಅದರಲ್ಲಿ ಮಾತಿರಬೇಕು, ಕೇಳಿದೋನಿಗೆ ನಾಲ್ಕು ಬುದ್ಧಿ ಬರಬೇಕು, ಬರೀ ಕೆನ್ನೆ ಉಬ್ಬಿಸಿ ಊದಿದ್ರೆ ಯಾರಿಗೆ ಏನು ತಿಳೀತದೆ. ಕಾಳಿಂಗ ಅನ್ನೋನು, ಕಾಲು ಕುಣೀದೆ ಇದ್ರೆ ಅದೂ ಒಂದು ಸಂಗೀತಾನ, ನಿಮ್ಮಿಬ್ಬರದ್ದೂ ಕೇಳಿ ನಮ್ಮ ಎಮ್ಮೆ ಮಲಗಿಬಿಡ್ತದೆ. ಹಿಂಗೇ ಬೆಳಗ್ಗೆಯಿಂದ ಸಂಜೆ ತನಕ ಕಿತ್ತಾಡ್ತಿದ್ದರಂತೆ. ದೇವೀರಿ ಯಾರ ಕಡೆಗೂ ಮಾತಾಡ್ತಿರಲಿಲ್ಲ. ಕಾಲು ಒದೀಬೇಡ ಕೂಸೆ, ಕಂಬಳಿ ಹೊದ್ಕೋ.

ಆಮೇಲೆ ದೇವೀರಿಗೆ ಪಕ್ಕದೂರಿಂದ ಗಂಡು ಬಂತು. ಹುಡುಗ ಒಳ್ಳೆಯವನು, ಅವಳಿಗೂ ಮನಸ್ಸಾಯ್ತು. ವೀಳ್ಯ ಬದಲಾಯಿಸೋ ದಿನ ಅಣ್ಣಂದಿರು ಮೂವರೂ ನಾ ಮುಂದು ತಾ ಮುಂದು ಅಂತ ಒಟ್ಟಿಗೇ ಶುರು ಹಚ್ಕೊಂಡ್ರು. ಆ ಗದ್ದಲಕ್ಕೆ ಬೀಗರ ಎತ್ತುಗಳು ಬೆದರಿ ಗಾಡಿ ಸಮೇತ ಕೆರೆಗೆ ಇಳಿದವಂತೆ, ಗಾಡೀಲಿ ಒಬ್ಬಟ್ಟಿನ ಬುಟ್ಟಿನೂ ಇತ್ತಂತೆ. ಹುಡುಗನ ಅಪ್ಪ ಕಪನಯ್ಯ ಮೊದಲೇ ಮುಂಗೋಪಿ. ಮದುವೆ ದಿನ ಚಪ್ಪರದಲ್ಲಿ ಒಂದೇ ವಾದ್ಯ ಕೇಳಬೇಕು, ಎರಡನೇದು ಕಿವಿಗೆ ಬಿತ್ತೋ ತಾಳಿ ಕಟ್ಟಿಸೋದಿಲ್ಲ, ಗಾಡಿ ತಿರುಗಿಸ್ಕೊಂಡು ಹೋಗ್ತೀನಿ ಅಂದುಬಿಟ್ಟ.

ಸರಿ, ಈಗ ಯಾರದ್ದು ಆ ಒಂದು ವಾದ್ಯ. ಮೂವರೂ ನಂದೇ ನಂದೇ ಅಂದ್ರು. ತಂಗಿ ಮದುವೆಗೆ ನುಡಿಸದೆ ಕೂತ್ಕೊಳ್ಳೋಕೆ ಯಾರಿಗೂ ಮನಸ್ಸಿಲ್ಲ. ಕೊನೆಗೆ ಮಂಟಯ್ಯ ಒಂದು ದಾರಿ ಹುಡುಕಿದ. ಬೀಗರ ಮನೇಲಿ ಕಪನಯ್ಯನ ಅಪ್ಪ ಇದ್ದಾನೆ, ಹಣ್ಣು ಹಣ್ಣು ಮುದುಕ, ಸುತ್ತಲ ಏಳೂರಿನ ಹಾಡುಬಜಾವಣೆ ಕೇಳಿದೋನಂತೆ, ಅವನು ಯಾರಿಗೆ ತಲೆದೂಗ್ತಾನೋ ಅವರೇ ನುಡಿಸೋದು ಅಂದ. ಇನ್ನಿಬ್ಬರೂ ಒಪ್ಕೊಂಡ್ರು. ವಾದ್ಯದವರಿಗೆ ಬೇಕಾಗಿರೋದು ಅಷ್ಟೇ ಕೂಸೆ, ಎದುರಿಗೆ ಕೂತೋನು ತಲೆದೂಗಿದ್ರೆ ಅವತ್ತು ಊಟಾನೂ ಬೇಡ. ಎತ್ತು ಮತ್ತೆ ಬೆದರಬಾರದು ನೋಡು, ಅದಕ್ಕೆ ದಿನಕ್ಕೆ ಒಬ್ಬೊಬ್ಬರೇ ಹೋಗೋದು ಅಂತಾಯ್ತು.

ಮೊದಲನೇ ದಿನ ಗವಿಯಪ್ಪ ಹೋದ. ಅಜ್ಜ ಜಗಲಿ ಮೇಲೆ ಕೂತಿದ್ದ. ಇವನು ಕೈ ಮುಗಿದೋನೇ ಕಣ್ಣುಮುಚ್ಚಿ ಊದಿದ, ಕಣ್ಣು ಬಿಟ್ಟು ನೋಡ್ತಾನೆ, ಅಜ್ಜ ತಲೆದೂಗ್ತಾ ಇದ್ದಾನೆ. ಎದೆ ಉಬ್ಬಿಸ್ಕೊಂಡು ಮನೆಗೆ ಬಂದ. ಎರಡನೇ ದಿನ ಕಾಳಿಂಗ ಹೋದ, ಅಲ್ಲ, ತಾಳು, ಮಂಟಯ್ಯ, ಹೂಂ, ಮಂಟಯ್ಯನೇ. ತಂಬೂರಿ ಮೀಟಿ ಹಾಡಿದ, ಅಜ್ಜ ಮೊದಲಿಂದ ಕೊನೇವರೆಗೂ ತಲೆದೂಗಿದ. ಮೂರನೇ ದಿನ ಕಾಳಿಂಗ ಹೋಗಿ ಡೊಳ್ಳು ಬಾರಿಸಿದ, ಅವನಿಗೂ ತಲೆದೂಗಿದ. ಮನೆಗೆ ಬಂದು ಮೂವರೂ ಗೆದ್ದೆ ಗೆದ್ದೆ ಅಂತಾರೆ. ನೀ ಸುಳ್ಳ, ನೀ ಕಳ್ಳ, ನಿಂಗೆಲ್ಲಿ ತಲೆದೂಗಿದ, ಕುತ್ತಿಗೆ ಉಳುಕಿರಬೇಕು ಅಂತ ಒಬ್ಬರ ಜುಟ್ಟು ಒಬ್ಬರು ಹಿಡ್ಕೊಂಡ್ರಂತೆ.

ನಾಲ್ಕನೇ ದಿನ ಮೂವರೂ ಒಟ್ಟಿಗೇ ಹೋದ್ರು, ಎದುರೆದುರೇ ಕೇಳಿಬಿಡೋಣ ಅಂತ. ಹೋಗಿ ಜಗಲಿ ಮುಂದೆ ನಿಂತ್ರು. ಇನ್ನೂ ಯಾರೂ ಏನೂ ನುಡಿಸಿಲ್ಲ, ಅಜ್ಜ ಆಗ್ಲೇ ತಲೆದೂಗ್ತಾ ಇದ್ದಾನೆ. ಬೀದೀಲಿ ಒಂದು ಎಮ್ಮೆ ಕೂಗಿಕೊಂಡು ಹೋಯ್ತು, ಅದಕ್ಕೂ ದೂಗಿದ. ಒಳಗೆ ಒನಕೆ ಸದ್ದಾಯ್ತು, ಅದಕ್ಕೂ ದೂಗಿದ. ಮೂವರೂ ಮುಖ ಮುಖ ನೋಡ್ಕೊಂಡ್ರು. ಕಪನಯ್ಯನ ಹೆಂಡತಿ ನೀರು ತಂದುಕೊಟ್ಟು, ಯಾಕಪ್ಪ ಹಂಗೆ ನೋಡ್ತೀರಿ, ನಮ್ಮ ಮಾವಯ್ಯಂಗೆ ಇಪ್ಪತ್ತು ವರ್ಷದಿಂದ ತಲೆ ಹಿಂಗೇ ಅಲ್ಲಾಡ್ತದೆ, ಎಷ್ಟು ನಾಟಿ ಔಷಧಿ ಮಾಡಿಸಿದ್ರೂ ನಿಲ್ಲಲಿಲ್ಲ, ಇವರ ಕೈಲಿ ತುತ್ತು ಬಾಯಿಗೆ ಹೋಗಲ್ಲ, ನಾನೇ ತಿನ್ನಿಸ್ತೀನಿ ಅಂದಳು. ಅಣ್ಣತಮ್ಮಂದಿರು ನೀರೂ ಕುಡೀದೆ ವಾಪಸ್ ಬಂದ್ರಂತೆ.

ಬಂದು ದೇವೀರಿಗೆ ಹೇಳಿದ್ರು. ಅವಳು ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ಅತ್ತುಬಿಟ್ಟಳು. ಮದುವೆ ನಂದು, ಕಿವಿನೂ ನಂದು, ನೀವು ಹೋಗಿ ತಲೆ ಅಲ್ಲಾಡೋ ಅಜ್ಜನ್ನ ಕೇಳಿದ್ರಲ್ಲ, ನನ್ನ ಯಾರಾದ್ರೂ ಕೇಳಿದ್ರಾ ಅಂದಳು. ಹಂಗಾದ್ರೆ ನೀನೇ ಹೇಳವ್ವ, ಯಾರದ್ದು ಚೆಂದ ಅಂದ್ರು ಮೂವರೂ. ಅವಳು ಹೇಳಿದ್ಲು, ನಂಗೂ ಗೊತ್ತಿಲ್ಲ. ಅಂಗಳಕ್ಕೆ ನೀರು ಹಾಕುವಾಗ ದೊಡ್ಡಣ್ಣನದೇ ಚೆಂದ ಅನ್ನಿಸ್ತದೆ, ಬೀಸೋ ಕಲ್ಲಿನ ಮುಂದೆ ಕೂತಾಗ ಮಂಟಣ್ಣನದು, ರಾಗಿ ಬಡಿಯುವಾಗ ಕಾಳಿಂಗಣ್ಣನದು. ಅತ್ತೆ ಮನೇಲಿ ಇದ್ಯಾವುದೂ ಇರಲ್ಲ. ನೀವು ಕಿತ್ತಾಡೋದೂ ಕೇಳಿಸಲ್ಲ. ಹೊರಡೋ ದಿನ ಒಂದು ಸಲ ಮೂರೂ ಕೇಳಿಸ್ಕೊಂಡು ಹೋಗ್ತೀನಿ, ಇಲ್ದಿದ್ರೆ ಹಸೆಮಣೆ ಹತ್ತೋದಿಲ್ಲ ಅಂದಳು. ಅತ್ತ ಕಪನಯ್ಯ ಗಾಡಿ ತಿರುಗಿಸ್ತಾನೆ, ಇತ್ತ ಇವಳು ಹಸೆ ಹತ್ತೋದಿಲ್ಲ, ಏನು ಮಾಡೋದು ಅಂತ ಯಾರಿಗೂ ತೋಚಲಿಲ್ಲ.

ಮದುವೆ ದಿನ ಬಂದೇ ಬಂತು. ಅಜ್ಜನ್ನೂ ಗಾಡೀಲಿ ಮಲಗಿಸ್ಕೊಂಡು ಬಂದು ಚಪ್ಪರದಲ್ಲಿ ಕೂರಿಸಿದ್ರು. ದೇವೀರಿ ಮೂರೂ ಕೇಳೋ ತನಕ ಬರಲ್ಲ ಅಂತ ಬಾಗಿಲಲ್ಲೇ ನಿಂತುಬಿಟ್ಟಳು. ಗವಿಯಪ್ಪ ಹೆದರ್ತಾ ಹೆದರ್ತಾ ಮೆಲ್ಲಗೆ ಊದಿದ, ಮಂಟಯ್ಯ ಅವನನ್ನ ನೋಡ್ತಾ ತಂಬೂರಿ ಮೀಟಿದ, ಕಾಳಿಂಗ ಇಬ್ಬರನ್ನೂ ನೋಡ್ತಾ ಡೊಳ್ಳಿನ ಮೇಲೆ ಬರೀ ಬೆರಳಾಡಿಸಿದ. ಯಾರ ವಾದ್ಯಾನೂ ಯಾರದ್ದನ್ನೂ ಮುಚ್ಚಬಾರದು ಅಂತ ಮೂವರೂ ಅವತ್ತೇ ಮೊದಲ ಸಲ ಇನ್ನಿಬ್ಬರದ್ದಕ್ಕೆ ಕಿವಿ ಕೊಟ್ರಂತೆ. ಅದು ಓಲಗದ ಥರಾನೂ ಇರಲಿಲ್ಲ, ತಂಬೂರಿ ಪದದ ಥರಾನೂ ಇರಲಿಲ್ಲ, ಡೊಳ್ಳಿನ ಥರ ಮೊದಲೇ ಇಲ್ಲ. ಜನಕ್ಕೆ ಅಳಬೇಕೋ ಕುಣೀಬೇಕೋ ತಿಳೀಲಿಲ್ಲ. ಅಯ್ನೋರಿಗೆ ಮಂತ್ರ ಮರೆತೋಯ್ತು, ಆರತಿ ತಟ್ಟೆಯೋರು ಮದುಮಗಳನ್ನ ಬಿಟ್ಟು ಕಂಬಕ್ಕೆ ಆರತಿ ಎತ್ತಿದ್ರು. ದೇವೀರಿ ಮಾತ್ರ ನಡ್ಕೊಂಡು ಬಂದು ಹಸೆ ಹತ್ತಿದಳು.

ಕಪನಯ್ಯ ಟವೆಲ್ ಕೊಡವಿ ಎದ್ದ, ಗಾಡಿ ಕಟ್ರೋ ಅನ್ನೋಕೆ ಬಾಯಿ ತೆಗೆದ. ಹಂಗೇ ಅಪ್ಪನ ಕಡೆ ನೋಡಿದ. ಅಜ್ಜನ ತಲೆ ನಿಂತುಬಿಟ್ಟಿದೆ. ಇಪ್ಪತ್ತು ವರ್ಷದಿಂದ ಅಲ್ಲಾಡ್ತಿದ್ದ ತಲೆ ಗೂಟ ಹೊಡೆದಂಗೆ ನಿಂತಿದೆ. ಭಯ ಆಗಿ ಅಣ್ಣಂದಿರು ನುಡಿಸೋದು ನಿಲ್ಲಿಸಿದ್ರು, ತಲೆ ಮತ್ತೆ ಅಲ್ಲಾಡೋಕೆ ಶುರುವಾಯ್ತು. ಕಪನಯ್ಯ ಓಡಿಬಂದು ಮೂವರ ಕೈಯೂ ಹಿಡ್ಕೊಂಡ, ನುಡಿಸ್ರಪ್ಪ, ನಿಲ್ಲಿಸಬೇಡ್ರಪ್ಪ, ಮೂರೂ ನುಡಿಸಿ ಅಂದ. ಆ ವಾದ್ಯದಲ್ಲೇ ತಾಳಿ ಕಟ್ಟಿಸಿದ್ರು, ಆ ವಾದ್ಯದಲ್ಲೇ ಊಟಕ್ಕೆ ಎಲೆ ಹಾಕಿದ್ರು. ಅಜ್ಜ ಅವತ್ತು ತನ್ನ ಕೈಯಾರೆ ಪಾಯಸ ಉಂಡನಂತೆ.

ಆಮೇಲೆ ಎಲ್ಲರೂ ಅಜ್ಜನ್ನ ಸುತ್ತುವರಿದು, ಚೆನ್ನಾಗಿತ್ತಾ ಅಂತ ಕೇಳಿದ್ರು. ಅಜ್ಜ ಪಾಯಸದ ಬಾಯಿ ಒರೆಸ್ಕೊಂಡು, ಚೆನ್ನಾಗಿತ್ತೋ ಇಲ್ವೋ ನಂಗೆ ತಿಳೀಲಿಲ್ಲ ಕಣ್ರಪ್ಪ, ಇದೇನು ಅಂತ ಕೇಳಿಸ್ಕೊಳ್ತಾ ಇದ್ದೆ, ಅಷ್ಟರಲ್ಲಿ ಊಟ ಆಯ್ತು, ಇನ್ನೊಂದು ಸಲ ಕೇಳಿದ್ರೆ ಹೇಳ್ತೀನೇನೋ ಅಂದ. ಸರಿ, ಸೋಮವಾರ ಸೋಮವಾರ ಮೂವರೂ ತಂಗಿ ಮನೆ ಜಗಲಿಗೆ ಹೋಗಿ ಅಜ್ಜಂಗೆ ಊಟದ ಹೊತ್ತಿಗೆ ನುಡಿಸಬೇಕು ಅಂತಾಯ್ತು. ದಾರಿಯುದ್ದಕ್ಕೂ ಅಜ್ಜನ ತಲೆ ನನ್ನಿಂದ ನಿಂತಿದ್ದು, ನನ್ನಿಂದ ನಿಂತಿದ್ದು ಅಂತ ಕಿತ್ತಾಡಿಕೊಂಡೇ ಬರೋರಂತೆ. ಆ ಕಿತ್ತಾಟ ದೂರದಿಂದ ಕೇಳಿಸಿದ್ರೆ ಸಾಕು, ದೇವೀರಿ ಒಲೆ ಮೇಲೆ ಎಸರಿಟ್ಟು ನಗ್ತಾ ಬಾಗಿಲಿಗೆ ಬರೋಳಂತೆ.

ಅಜ್ಜಂಗೆ ಕೊನೆಗಾದ್ರೂ ತಿಳೀತಾ ಅಂತೀಯ? ಅದು ನಂಗೂ ಗೊತ್ತಿಲ್ಲ ಕೂಸೆ. ನಮ್ಮಜ್ಜಿ ಇಲ್ಲಿಗೆ ಬರೋಷ್ಟರಲ್ಲಿ ನಾನು ನಿದ್ದೆ ಹೋಗ್ತಿದ್ದೆ. ಅವರೆಲ್ಲ ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಕಂಬಳಿ ಒಳಗಿದ್ದೀವಿ, ಕತೆ ಇಲ್ಲಿಗೆ ಮುಗೀತು, ನೀನೂ ಕಣ್ಮುಚ್ಚು.